ಜಡೆ ಕತ್ತರಿಸದೆಯೂ ಹೇನು ಹೋಗುತ್ತದೆ

ಸಂಪಾದಕರಿಗೆ ನಮಸ್ಕಾರ.

ನಾನು ಬೈಲಹೊಂಗಲದಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ಬ್ಲೌಸು, ಫ್ರಾಕು, ಶಾಲೆಯ ಯೂನಿಫಾರ್ಮು ಹೊಲಿಯುತ್ತೇನೆ. ಕೆಲಸ ಕಡಿಮೆ ಇದ್ದಾಗ ಕ್ರೋಶಾ ಹಾಕುತ್ತೇನೆ. ಹೋದ ಶ್ರಾವಣದಲ್ಲಿ ನನ್ನ ಕ್ರೋಶಾ ಕಡ್ಡಿ ಕಳೆದುಹೋಯಿತು. ಎರಡು ದಿನ ಹುಡುಕಿದೆ. ಮೂರನೇ ದಿನ ಹಾಸಿಗೆ ಮಡಚುವಾಗ ನಮ್ಮ ಅತ್ತೆಯ ತಲೆದಿಂಬಿನ ಕೆಳಗೆ ಸಿಕ್ಕಿತು. ಅದರ ಕೊಕ್ಕೆಯ ತುದಿಗೆ ಒಣಗಿದ ರಕ್ತ ಅಂಟಿತ್ತು.

ಅತ್ತೆಗೆ ಈಗ 67 ವರ್ಷ. ಅವರ ತಲೆಯ ಮೇಲೆ 21 ವರ್ಷದ ಜಡೆ ಇದೆ. ಜಡೆ ಎಂದರೆ ಮೈಸೂರು ಕಡೆಯವರು ಹೆಣೆದ ಕೂದಲು ಅಂದುಕೊಂಡಾರು. ಅದಕ್ಕೆ ನಾವು ಹೆರಳು ಅನ್ನುತ್ತೇವೆ. ನಮ್ಮಲ್ಲಿ ಜಡೆ ಎಂದರೆ ಕೂದಲು ತಾನಾಗಿ ಗಂಟು ಬಿದ್ದು, ಒಂದಕ್ಕೊಂದು ಮೆತ್ತಿಕೊಂಡು ಹಗ್ಗದ ಹಾಗೆ ಆಗುವುದು. ಅತ್ತೆಗೆ ಅಂಥ ಮೂರು ಎಳೆ ಇವೆ. ಎರಡು ಭುಜದವರೆಗೆ ಬರುತ್ತವೆ. ನಡುವಿನದು ಸೊಂಟದ ಕೆಳಗೆ ಇಳಿಯುತ್ತದೆ, ನನ್ನ ಮುಂಗೈಯಷ್ಟು ದಪ್ಪ. ಮಂಗಳವಾರ, ಶುಕ್ರವಾರ ಅದಕ್ಕೆ ಭಂಡಾರ, ಅಂದರೆ ದೇವಿಯ ಅರಿಶಿನ ಪುಡಿ, ಹಚ್ಚುತ್ತಾರೆ. ಉಳಿದ ದಿನ ತುರುಬು ಕಟ್ಟಿ, ಹಸಿರು ಬಟ್ಟೆ ಸುತ್ತಿ, ಮೇಲೆ ಸೆರಗು ಹೊದೆಯುತ್ತಾರೆ. ವರ್ಷಕ್ಕೊಮ್ಮೆ ಬನದ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುತ್ತಾರೆ. ಜೋಗುಳಬಾವಿಯಲ್ಲಿ ಸ್ನಾನ ಮಾಡಿ ಗುಡ್ಡ ಹತ್ತುತ್ತಾರೆ.

ಜಡೆ ಬಂದದ್ದು ನಮ್ಮ ಮಾವ ತೀರಿಕೊಂಡ ವರ್ಷ. ಆಗ ನಾನಿನ್ನೂ ಈ ಮನೆಗೆ ಬಂದಿರಲಿಲ್ಲ. ಅತ್ತೆ ಆರು ತಿಂಗಳು ತಲೆ ಬಾಚಿಕೊಳ್ಳಲೇ ಇಲ್ಲವಂತೆ. ಆಮೇಲೆ ಬಾಚಲು ಹೋದರೆ ಹಣಿಗೆ ಇಳಿಯಲಿಲ್ಲ. ಓಣಿಯ ಹೆಂಗಸರು ಬಂದು ನೋಡಿ, 'ಎಲ್ಲವ್ವ ಬಂದಾಳ, ಕತ್ತರಿ ಹಚ್ಚಬ್ಯಾಡ' ಅಂದರು. ಅತ್ತೆ ಹಚ್ಚಲಿಲ್ಲ.

ಆ ಕಡ್ಡಿಯಿಂದ ಅತ್ತೆ ರಾತ್ರಿಯೆಲ್ಲ ತಲೆ ಕೆರೆದುಕೊಳ್ಳುತ್ತಿದ್ದರು. ಬೆರಳು ಜಡೆಯ ಬುಡಕ್ಕೆ ಹೋಗುವುದಿಲ್ಲ, ಅಲ್ವಾ? ಕಡ್ಡಿ ಹೋಗುತ್ತದೆ. ನಾನು ಕೇಳಿದರೆ 'ಏನೂ ಇಲ್ಲ ತಗೋ' ಅಂದು ಸೆರಗು ಎಳೆದುಕೊಂಡರು. ಗುಟ್ಟು ಹೇಳಿದವಳು ನನ್ನ ಮಗಳು. ಅವಳು ಮೂರನೇ ತರಗತಿ. ಅಜ್ಜಿಯ ಮಗ್ಗುಲಲ್ಲಿ, ಒಂದೇ ಕೌದಿಯೊಳಗೆ ಮಲಗುತ್ತಾಳೆ. ಅವಳ ತಲೆಗೆ ಸೀರಣಿಗೆ ಹಾಕಿದಾಗ ಬಿಳಿ ಬಟ್ಟೆಯ ಮೇಲೆ ಏಳೆಂಟು ಹೇನು ಬಿದ್ದವು. ನಾನು ಬೈಯುವ ಮೊದಲೇ 'ಆಯಿ ತಲ್ಯಾಗೂ ಅದಾವವ್ವಾ' ಅಂದಳು. ಯಾರಿಂದ ಯಾರಿಗೆ ಬಂತೋ ಗೊತ್ತಾಗುವುದಿಲ್ಲ. ಅದನ್ನು ಹುಡುಕಿ ಪ್ರಯೋಜನವೂ ಇಲ್ಲ. ಹೇನು ಹಾರುವುದಿಲ್ಲ, ಜಿಗಿಯುವುದಿಲ್ಲ. ತಲೆಗೆ ತಲೆ ತಾಗಿದಾಗ ನಡೆದು ದಾಟುತ್ತದೆ. ತೊಳೆದ ತಲೆ, ತೊಳೆಯದ ತಲೆ ಎಂಬ ಭೇದ ಅದಕ್ಕಿಲ್ಲ.

ಅತ್ತೆಯನ್ನು ಬಚ್ಚಲಲ್ಲಿ ಕೂಡಿಸಿ ತುರುಬು ಬಿಚ್ಚಿ ನೋಡಿದೆ. ಕಿವಿಯ ಹಿಂದೆ, ಹಿಂಗತ್ತಿನ ಮೇಲೆ ಚರ್ಮ ಕಿತ್ತುಹೋಗಿ ನೀರು ಒಸರುತ್ತಿತ್ತು. ಕುತ್ತಿಗೆಯಲ್ಲಿ ಎರಡು ಗಂಟು ಕೈಗೆ ಸಿಕ್ಕವು. ಮರುದಿನವೇ ಒಂದು ದವಾಖಾನೆಗೆ ಕರೆದುಕೊಂಡು ಹೋದೆ. ಅಲ್ಲಿದ್ದವರು ಹಸಿರು ಬಟ್ಟೆ ಬಿಚ್ಚಿಸಿ, ದೂರದಿಂದಲೇ ನೋಡಿ, 'ಮೊದಲು ಇದನ್ನು ಬೋಳಿಸಿಕೊಂಡು ಬನ್ನಿ, ಆಮೇಲೆ ಔಷಧ' ಅಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಹತ್ತು ಹದಿನೈದು ಜನಕ್ಕೂ ಕೇಳಿಸಿತು. ಅತ್ತೆ ಏನೂ ಮಾತಾಡಲಿಲ್ಲ. ಬಟ್ಟೆ ಸುತ್ತಿಕೊಂಡು ಎದ್ದು ಬಂದರು. ಮನೆಗೆ ಬಂದು ಹಿತ್ತಲ ಕೋಣೆಯಲ್ಲಿ ಕೂತವರು ಎರಡು ದಿನ ಹೊರಗೆ ಬರಲಿಲ್ಲ. ಮೊಮ್ಮಗಳನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಆ ಎರಡು ದಿನ ನನಗೆ ಮರೆಯುವುದಿಲ್ಲ.

ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಒಬ್ಬ ಓದುಗರು ಬರೆದಿದ್ದರು. ಜಾತ್ರೆಗೆ ಬರುವ ಜಡೆಯವರನ್ನೆಲ್ಲ ಗುಡ್ಡದ ಕೆಳಗೇ ನಿಲ್ಲಿಸಿ ತಲೆ ಬೋಳಿಸಬೇಕು, ಆಗ ಹೇನೂ ಹೋಗುತ್ತದೆ, ಮೂಢನಂಬಿಕೆಯೂ ಹೋಗುತ್ತದೆ ಎಂದು. ಅದನ್ನು ಓದಿಯೇ ಈ ಪತ್ರ ಬರೆಯುತ್ತಿದ್ದೇನೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ದಾರಿ ಮಾತ್ರ ತಪ್ಪು. ಬೋಳಿಸುತ್ತಾರೆ ಎಂಬ ಹೆದರಿಕೆ ಇದ್ದರೆ ಯಾವ ಹೆಂಗಸೂ ತಲೆ ತೋರಿಸುವುದಿಲ್ಲ. ತೋರಿಸದಿದ್ದರೆ ಹುಣ್ಣು ಒಳಗೇ ಬೆಳೆಯುತ್ತದೆ, ಹೇನು ಮನೆಮಂದಿಗೆಲ್ಲ ಹಬ್ಬುತ್ತದೆ. ಹೇನು ತೆಗೆಯಲು ಜಡೆ ತೆಗೆಯಲೇಬೇಕು ಎಂಬುದೂ ಸುಳ್ಳು. ನಮ್ಮ ಮನೆಯಲ್ಲಿ ಹೇನು ಹೋಗಿದೆ, ಜಡೆ ಇದೆ. ಅದು ಹೇಗಾಯಿತು ಎಂದು ಬಿಡಿಸಿ ಬರೆಯುತ್ತೇನೆ. ಇಂಥ ತಲೆ ಇರುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಸಾಕಷ್ಟಿವೆ.

ಮೊದಲು ಏನು ಮಾಡಬಾರದು ಎಂದು ಹೇಳುತ್ತೇನೆ. ಆ ಎರಡು ದಿನದಲ್ಲಿ ನಮ್ಮ ಮನೆಗೆ ಬಂದ ಸಲಹೆಗಳೆಲ್ಲ ಅವೇ. ಒಬ್ಬರು ಸೀಮೆಎಣ್ಣೆ ಅಂದರು. ಒಬ್ಬರು ಹತ್ತಿಗೆ ಹೊಡೆಯುವ ಔಷಧವನ್ನು ನೀರಿಗೆ ನಾಲ್ಕು ಹನಿ ಹಾಕಿ ತಲೆ ತೊಳೆಯಿರಿ ಅಂದರು. ಡಬ್ಬಿಯನ್ನೂ ತಂದುಕೊಟ್ಟರು! ಇನ್ನೊಬ್ಬರು ಸೀತಾಫಲದ ಬೀಜ ಅರೆದು ಹಚ್ಚಲು ಹೇಳಿದರು. ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ. ಜಡೆಯಂಥ ದಪ್ಪ ಕೂದಲು ಅದನ್ನು ಬತ್ತಿಯ ಹಾಗೆ ಹೀರಿ ಇಟ್ಟುಕೊಳ್ಳುತ್ತದೆ. ಅದೇ ತಲೆಯಲ್ಲಿ ಒಲೆಯ ಮುಂದೆ ಕೂತರೆ, ದೇವರ ಮುಂದೆ ದೀಪ ಹಚ್ಚಿದರೆ ಏನಾಗಬಹುದು ಎಂದು ನೆನೆಸಿಕೊಳ್ಳಿ. ಬೆಳೆಗೆ ಹೊಡೆಯುವ ವಿಷ ಚರ್ಮದ ಮೂಲಕವೇ ಮೈಯೊಳಗೆ ಇಳಿಯುತ್ತದೆ. ಕೆರೆದು ಹುಣ್ಣಾದ ತಲೆಯಲ್ಲಿ ಇನ್ನೂ ಜಾಸ್ತಿ ಇಳಿಯುತ್ತದೆ. ಆ ಡಬ್ಬಿಯನ್ನು ನಾನು ಕೈಯಲ್ಲೂ ಹಿಡಿಯಲಿಲ್ಲ.

ಸೀತಾಫಲದ ಬೀಜದ ಸಂಗತಿ ನನಗೆ ಸ್ವಂತ ಗೊತ್ತು. ನಾನು ಸಣ್ಣವಳಿದ್ದಾಗ ನನ್ನ ಅಕ್ಕನ ತಲೆಗೆ ಅಜ್ಜಿ ಅದನ್ನು ಅರೆದು ಹಚ್ಚಿದ್ದರು. ಹೇನು ಸತ್ತದ್ದು ನಿಜ. ಆದರೆ ತಲೆ ತೊಳೆಯುವಾಗ ಆ ನೀರು ಕಣ್ಣಿಗೆ ಇಳಿಯಿತು. ಅಕ್ಕ ಚೀರಿದ್ದು ಇವತ್ತಿಗೂ ಕಿವಿಯಲ್ಲಿದೆ. ರಾತ್ರಿಯಾಗುವುದರೊಳಗೆ ಕಣ್ಣು ಕೆಂಡದಂತಾಗಿ ತೆರೆಯಲು ಬರಲಿಲ್ಲ. ಕಣ್ಣಿನ ಕರಿಗುಡ್ಡೆಯ ಮೇಲಿನ ಪದರ ಸುಟ್ಟಿದೆ ಎಂದು ಡಾಕ್ಟರ್ ಹೇಳಿದರು. ಒಂದು ವಾರ ಕಣ್ಣಿಗೆ ಪಟ್ಟಿ ಕಟ್ಟಿ ಕತ್ತಲಲ್ಲಿ ಕೂತಿದ್ದಳು. ಪುಣ್ಯಕ್ಕೆ ದೃಷ್ಟಿ ಉಳಿಯಿತು. ಆ ಬೀಜ ಕಣ್ಣಿಗೆ ವಿಷ. ದಯವಿಟ್ಟು ಯಾರೂ ಮಕ್ಕಳ ತಲೆಗೆ ಹಚ್ಚಬೇಡಿ.

ಮೂರನೇ ದಿನ ನನ್ನ ನಾದಿನಿಯ ಮಗ ಬೆಳಗಾವಿಯಿಂದ ಬಂದ. ಅವನಿಗೆ 23 ವರ್ಷ. ಅವನ ತಲೆಯಲ್ಲೂ ಜಡೆ ಇದೆ. ಅವನು ಅದಕ್ಕೆ ಡ್ರೆಡ್‌ಲಾಕ್ಸ್ ಅನ್ನುತ್ತಾನೆ. ಹಟ ಮಾಡಿ, ದುಡ್ಡು ಕೊಟ್ಟು, ಕ್ರೋಶಾ ಕಡ್ಡಿಯಿಂದಲೇ ಒಂದೊಂದು ಎಳೆ ಕಟ್ಟಿಸಿಕೊಂಡಿದ್ದಾನೆ. ಜಮೈಕಾ ದೇಶದಲ್ಲಿ 1930ರ ದಶಕದಲ್ಲಿ ಹುಟ್ಟಿದ ರಾಸ್ತಫಾರಿ ಪಂಥದವರು ಇದನ್ನು ದೇವರಿಗೆ ಕೊಟ್ಟ ಮಾತು ಅಂತ ಬಿಡುತ್ತಾರಂತೆ. ಹಾಡುಗಾರ ಬಾಬ್ ಮಾರ್ಲಿಯಿಂದ ಅದು ಜಗತ್ತಿಗೆಲ್ಲ ಗೊತ್ತಾಯಿತು ಎಂದು ಅವನು ಅಜ್ಜಿಗೆ ಮೊಬೈಲಿನಲ್ಲಿ ಚಿತ್ರ ತೋರಿಸಿದ. ಅತ್ತೆ ಬಹಳ ಹೊತ್ತು ನೋಡಿದರು. 'ಇವರ ಮನ್ಯಾಗ ಹೇನಿಗೆ ಏನ್ ಮಾಡ್ತಾರ?' ಎಂದು ಕೇಳಿದರು. ಮೂರು ದಿನದಲ್ಲಿ ಅವರು ಹೇನು ಎಂಬ ಮಾತು ಆಡಿದ್ದು ಅದೇ ಮೊದಲು.

ಅವನೇ ನಮ್ಮನ್ನು ಬೆಳಗಾವಿಯ ಒಬ್ಬ ಚರ್ಮದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದ. ಅವರು ಹೆಣ್ಣುಮಗಳು. ಬಾಗಿಲು ಹಾಕಿಸಿದರು. 'ಆಯಿ, ಎಷ್ಟು ವರ್ಷದ ಜಡಿ ಇದು? ಮುಟ್ಟಿ ನೋಡಲಾ?' ಎಂದು ಕೇಳಿ, ಅತ್ತೆ ಹೂಂ ಅಂದ ಮೇಲೆ ಕೈ ಹಚ್ಚಿದರು. ಕೈಗಾಜು ಹಿಡಿದು ಕಿವಿಯ ಹಿಂದೆ, ಹಿಂಗತ್ತಿನಲ್ಲಿ ಒಂದೊಂದೇ ಎಳೆ ಸರಿಸಿ ನೋಡಿದರು. ನನ್ನನ್ನೂ ಕರೆದು ತೋರಿಸಿದರು. ಅವರು ಹೇಳಿದ ಒಂದು ಮಾತು ನನ್ನ ಹೆದರಿಕೆಯನ್ನು ಅರ್ಧ ಇಳಿಸಿತು.

ಹೇನು ಬದುಕುವುದು ಬುರುಡೆಯ ಹತ್ತಿರ. ದಿನಕ್ಕೆ ನಾಲ್ಕಾರು ಸಲ ರಕ್ತ ಹೀರದಿದ್ದರೆ ಅದು ಒಂದೆರಡು ದಿನದಲ್ಲಿ ಸಾಯುತ್ತದೆ. ಮೊಟ್ಟೆಗೂ, ಅಂದರೆ ಸೀರಿಗೂ, ತಲೆಯ ಕಾವು ಬೇಕು. ಅದಕ್ಕೆ ಹೆಣ್ಣು ಹೇನು ಕೂದಲಿನ ಬುಡದಲ್ಲೇ ಮೊಟ್ಟೆ ಅಂಟಿಸುತ್ತದೆ. ಚರ್ಮದಿಂದ ಅರ್ಧ ಸೆಂಟಿಮೀಟರಿನ ಆಸುಪಾಸಿನಲ್ಲಿ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಬೆಳೆಯುತ್ತದೆ. ಮೊಟ್ಟೆ ಒಡೆಯುವುದು 7ರಿಂದ 10 ದಿನಕ್ಕೆ. ಹಾಗಾದರೆ ಬುಡದಿಂದ ನಾಲ್ಕು ಬೆರಳು ಕೆಳಗೆ ಜಡೆಯಲ್ಲಿ ಕಾಣುವ ಸೀರು ಎಷ್ಟು ಹಳೆಯದು? ತಿಂಗಳುಗಟ್ಟಲೆ ಹಿಂದಿನದು. ಖಾಲಿ ಸಿಪ್ಪೆ. ಸೊಂಟದವರೆಗೆ ಇಳಿದ ಆ ಹಗ್ಗದಲ್ಲಿ ನಾವು ಯುದ್ಧ ಮಾಡಬೇಕಾದ್ದು ಏನೂ ಇಲ್ಲ. ಕೆಲಸ ಇರುವುದು ಬುಡದ ಒಂದು ಇಂಚಿನಲ್ಲಿ ಮಾತ್ರ. ಹಾಗಿದ್ದ ಮೇಲೆ ಇಡೀ ಜಡೆ ಏಕೆ ಕತ್ತರಿಸಬೇಕು?

ಔಷಧಕ್ಕೆ ಬರುತ್ತೇನೆ. ಮಗಳಿಗೆ ಸುಲಭವಾಯಿತು. 1 ಪರ್ಸೆಂಟಿನ ಪರ್ಮೆಥ್ರಿನ್ ಲೋಷನ್ ಕೊಟ್ಟರು. ಕಂಡಿಷನರ್ ಇಲ್ಲದ ಶಾಂಪೂವಿನಿಂದ ತಲೆ ತೊಳೆದು, ಟವೆಲ್ಲಿನಿಂದ ಒರೆಸಿ, ಲೋಷನ್ ಹಚ್ಚಿ, 10 ನಿಮಿಷ ಬಿಟ್ಟು ತೊಳೆಯುವುದು. ಒಂಬತ್ತನೇ ದಿನ ಮತ್ತೊಮ್ಮೆ. ಈ ಎರಡನೇ ಸಲವೇ ಮುಖ್ಯ. ಮೊದಲನೇ ಸಲ ಓಡಾಡುವ ಹೇನು ಸಾಯುತ್ತವೆ, ಆದರೆ ಮೊಟ್ಟೆ ಎಲ್ಲವೂ ಸಾಯುವುದಿಲ್ಲ. ಒಂಬತ್ತನೇ ದಿನಕ್ಕೆ ಉಳಿದವು ಒಡೆದು ಮರಿ ಹೊರಗೆ ಬಂದಿರುತ್ತವೆ, ಆದರೆ ಅವು ಇನ್ನೂ ಮೊಟ್ಟೆ ಇಡುವಷ್ಟು ದೊಡ್ಡವಾಗಿರುವುದಿಲ್ಲ. ಆ ಸಂದಿಯಲ್ಲಿ ಹೊಡೆಯಬೇಕು. ನಮ್ಮ ಓಣಿಯಲ್ಲಿ 'ಔಷಧ ಹಚ್ಚಿದ್ವಿ, ಮತ್ತ ಬಂದ್ವು' ಅನ್ನುವವರನ್ನು ಕೇಳಿ ನೋಡಿ. ಬಹಳ ಜನ ಒಂದೇ ಸಲ ಹಚ್ಚಿ ಬಿಟ್ಟಿರುತ್ತಾರೆ. ಬೆಳೆದ ಒಂದು ಹೆಣ್ಣು ಹೇನು ದಿನಕ್ಕೆ ಏಳೆಂಟು ಮೊಟ್ಟೆ ಇಡುತ್ತದೆ, ತಿಂಗಳು ಬದುಕುತ್ತದೆ. ಉಳಿದದ್ದು ಎರಡೇ ಆದರೂ ಸಾಕು.

ಅತ್ತೆಯ ತಲೆ ಕಷ್ಟವಿತ್ತು. ಡಾಕ್ಟರ್ ಮೊದಲು ಹುಣ್ಣಿಗೆ ಮುಲಾಮು, ಐದು ದಿನದ ಗುಳಿಗೆ ಕೊಟ್ಟರು. ಕುತ್ತಿಗೆಯ ಗಂಟು ಹುಣ್ಣು ಕೀವಾದದ್ದಕ್ಕೆ ಬಂದದ್ದು, ಹುಣ್ಣು ಮಾಗಿದರೆ ಇಳಿಯುತ್ತದೆ ಅಂದರು. ಹಾಗೇ ಆಯಿತು. ಆಮೇಲೆ ಅದೇ ಲೋಷನ್. ಜಡೆಯ ಮೇಲೆ ಸುರಿದರೆ ಎಲ್ಲವನ್ನೂ ಜಡೆಯೇ ಕುಡಿದುಬಿಡುತ್ತದೆ, ಬುಡಕ್ಕೆ ಒಂದು ಹನಿಯೂ ಮುಟ್ಟುವುದಿಲ್ಲ. ಇಲ್ಲಿ ನನ್ನ ಹೊಲಿಗೆಯ ಬುದ್ಧಿ ಉಪಯೋಗಕ್ಕೆ ಬಂತು. ಮಷಿನ್ನಿಗೆ ಎಣ್ಣೆ ಬಿಡುವ ಉದ್ದ ಮೂತಿಯ ಬಾಟ್ಲಿ ಇರುತ್ತದಲ್ಲ, ಅಂಥ ಹೊಸದೊಂದು ತಂದೆ. ಅದರಲ್ಲಿ ಲೋಷನ್ ತುಂಬಿ, ಎಳೆಗಳ ನಡುವಿನ ಬೈತಲೆಯಲ್ಲಿ ಮೂತಿ ಇಟ್ಟು, ಹನಿ ಹನಿಯಾಗಿ ಬುಡಕ್ಕೆ ಬಿಟ್ಟೆ. ಬೆರಳ ತುದಿಯಿಂದ ಮೆಲ್ಲಗೆ ತಿಕ್ಕಿದೆ. ಕಿವಿಯ ಹಿಂದೆ ಮತ್ತು ಹಿಂಗತ್ತಿನಲ್ಲಿ ಎರಡೆರಡು ಸಲ, ಅಲ್ಲೇ ಜಾಸ್ತಿ ಇರುತ್ತವೆ. ಒಬ್ಬರೇ ಮಾಡುವ ಕೆಲಸವಲ್ಲ. ನಾದಿನಿಯ ಮಗ ಮೊಬೈಲ್ ಟಾರ್ಚು ಹಿಡಿದು ಎಳೆ ಎತ್ತಿ ಕೊಟ್ಟ.

ತೊಳೆಯುವುದನ್ನು ಕಲಿಸಿದವನೂ ಅವನೇ. ಶಾಂಪೂವನ್ನು ಮಗ್ಗಿನ ನೀರಲ್ಲಿ ತೆಳ್ಳಗೆ ಕಲಸಿ ಬುಡಕ್ಕೆ ಹಾಕಬೇಕು. ಜಡೆಯನ್ನು ತಿಕ್ಕಬಾರದು, ಒದ್ದೆ ಬಟ್ಟೆ ಹಿಂಡಿದ ಹಾಗೆ ಮೇಲಿನಿಂದ ಕೆಳಗೆ ಹಿಂಡುತ್ತಾ ಬರಬೇಕು. ನೀರು ತಿಳಿಯಾಗುವವರೆಗೆ. ಅತ್ತೆಯ ಜಡೆಯಿಂದ ಮೊದಲ ಸಲ ಇಳಿದ ನೀರು ಹಳದಿ ಇತ್ತು, 21 ವರ್ಷದ ಭಂಡಾರ. ಅದನ್ನು ತುಳಿಯಬಾರದು ಎಂದು ಅತ್ತೆ ಬಕೆಟ್ಟಿನಲ್ಲಿ ಹಿಡಿಸಿ ತುಳಸಿಯ ಪಕ್ಕದ ಮಣ್ಣಿಗೆ ಹಾಕಿಸಿದರು. ನಾನು ಬೇಡ ಅನ್ನಲಿಲ್ಲ.

ಒಣಗಿಸುವುದು ತೊಳೆಯುವುದಕ್ಕಿಂತ ದೊಡ್ಡ ಕೆಲಸ. ಒದ್ದೆ ಕೌದಿಯನ್ನು ಮಡಚಿಟ್ಟರೆ ಏನಾಗುತ್ತದೆ ಎಂದು ನಮ್ಮ ಹೆಂಗಸರಿಗೆ ಹೇಳಬೇಕಾಗಿಲ್ಲ. ಜಡೆಯೂ ಹಾಗೇ. ಹೊರಗೆ ಒಣಗಿದಂತೆ ಕಾಣುತ್ತದೆ, ಒಳಗೆ ತೇವ ಇರುತ್ತದೆ. ಆಮೇಲೆ ಬೂಸು, ವಾಸನೆ. ಬೆಳಿಗ್ಗೆ ಬೇಗ ತೊಳೆದು, ಒಣ ಟವೆಲ್ಲಿನಲ್ಲಿ ಸುತ್ತಿ ಹಿಂಡಿ, ಮಾಳಿಗೆಯ ಮೇಲೆ ಬಿಸಿಲಿಗೆ ಕೂಡಿಸಿದೆ. ಮೋಡ ಬಂದಾಗ ಟೇಬಲ್ ಫ್ಯಾನ್ ಹಚ್ಚಿದೆ. ಸಂಜೆಯವರೆಗೆ ತುರುಬು ಕಟ್ಟಲು ಬಿಡಲಿಲ್ಲ. ಹುಣ್ಣಿಮೆಗೆ ಜೋಗುಳಬಾವಿಯಲ್ಲಿ ಮುಳುಗಿ ಒದ್ದೆ ತುರುಬಿನಲ್ಲೇ ಗುಡ್ಡ ಹತ್ತುವ ತಾಯಂದಿರು ಇದನ್ನು ನೆನಪಿಡಬೇಕು. ಹಾಂ, ಮುಳುಗಿದರೆ ಹೇನು ಸಾಯುತ್ತದೆ ಎಂದು ಕೆಲವರು ನಂಬಿದ್ದಾರೆ. ಸಾಯುವುದಿಲ್ಲ. ಹೇನು ಉಸಿರಿನ ರಂಧ್ರ ಮುಚ್ಚಿಕೊಂಡು ನೀರಿನಲ್ಲಿ ತಾಸುಗಟ್ಟಲೆ ಇರಬಲ್ಲದು.

ಎರಡು ಸಲ ಲೋಷನ್ ಆದರೂ ಹಿಂಗತ್ತಿನ ಕಡೆ ಓಡಾಡುವ ಹೇನು ಸಿಕ್ಕವು. ನಡುವಿನ ದಪ್ಪ ಜಡೆಯ ಬುಡದಲ್ಲಿ ಲೋಷನ್ ಸರಿಯಾಗಿ ಇಳಿದಿರಲಿಲ್ಲ ಅಂತ ಕಾಣುತ್ತದೆ. ಪರ್ಮೆಥ್ರಿನ್ನಿಗೆ ಬಗ್ಗದ ಹೇನೂ ಇರುತ್ತವೆ ಎಂದು ಡಾಕ್ಟರ್ ಹೇಳಿದರು. ಆಗ ಐವರ್‌ಮೆಕ್ಟಿನ್ ಎಂಬ ಗುಳಿಗೆ ಬರೆದುಕೊಟ್ಟರು. ಇದು ಹೊಟ್ಟೆಗೆ ತೆಗೆದುಕೊಳ್ಳುವ ಔಷಧ. ರಕ್ತಕ್ಕೆ ಸೇರುತ್ತದೆ. ಹೇನು ಆ ರಕ್ತ ಹೀರಿದಾಗ ಸಾಯುತ್ತದೆ. ಹಣಿಗೆ ಇಳಿಯದ, ಲೋಷನ್ ಮುಟ್ಟದ ತಲೆಗೆ ಇದಕ್ಕಿಂತ ಒಳ್ಳೆಯ ಉಪಾಯ ಏನಿದೆ! ಮೊಟ್ಟೆಯನ್ನು ಇದೂ ಕೊಲ್ಲುವುದಿಲ್ಲ. ಅದಕ್ಕೆ ಎಂಟನೇ ದಿನ ಇನ್ನೊಂದು ಸಲ. ಎಷ್ಟು ಗುಳಿಗೆ ಎಂಬುದು ಮೈತೂಕದ ಮೇಲೆ ನಿಂತಿದೆ. 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ, ಬಸುರಿಯರಿಗೆ ಕೊಡುವುದಿಲ್ಲ. ಹಾಲೂಡಿಸುವ ತಾಯಿ ಡಾಕ್ಟರಿಗೆ ಹೇಳಲೇಬೇಕು. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಂದು ನುಂಗುವ ಗುಳಿಗೆಯಲ್ಲ. ದನಗಳಿಗೆ ಕೊಡುವ ಐವರ್‌ಮೆಕ್ಟಿನ್ ಕೂಡ ಇದೆ. ಅದನ್ನು ಮನುಷ್ಯರು ತೆಗೆದುಕೊಳ್ಳಲೇಬಾರದು.

ಗುಳಿಗೆ ನುಂಗಿದ ಮೇಲೂ ಅತ್ತೆಗೆ ಒಂದು ವಾರ ತುರಿಕೆ ಇತ್ತು. 'ಹೋಗಿಲ್ಲ ನೋಡು' ಎಂದು ಅಳುಮೋರೆ ಮಾಡಿದರು. ತುರಿಕೆ ಬರುವುದು ಹೇನಿನ ಜೊಲ್ಲಿಗೆ. ಹೇನು ಸತ್ತ ಮೇಲೂ ಕೆಲವು ದಿನ ಇರುತ್ತದೆ. ತುರಿಕೆ ನೋಡಿ ಮತ್ತೆ ಮತ್ತೆ ಔಷಧ ಹಾಕಬಾರದು, ಓಡಾಡುವ ಹೇನು ಇದೆಯೇ ಎಂದು ನೋಡಬೇಕು. ಜಡೆಯ ತಲೆಯಲ್ಲಿ ಹಾಗೆ ನೋಡುವುದು ಸಾಧ್ಯ. ಹಣೆಯಂಚು, ಕಿವಿಯ ಹಿಂದೆ, ಹಿಂಗತ್ತು, ಈ ಮೂರು ಕಡೆ ಜಡೆಗೆ ಸೇರದ ಸಣ್ಣ ಕೂದಲು ಇರುತ್ತದೆ. ಬುಡದಲ್ಲಿ ಹೊಸದಾಗಿ ಹುಟ್ಟಿದ್ದೂ ಬೆರಳಗಲ ಇರುತ್ತದೆ. ಅಲ್ಲಿ ಸೀರಣಿಗೆ ಇಳಿಯುತ್ತದೆ. ನಾನು ಮೂರು ದಿನಕ್ಕೊಮ್ಮೆ, ಬಿಳಿ ಬಟ್ಟೆ ಹಾಸಿ ನೋಡಿದೆ. ರಾತ್ರಿ ತಲೆದಿಂಬಿಗೆ ಬಿಳಿ ಪಂಚೆಯ ತುಂಡು ಸುತ್ತಿ, ಬೆಳಿಗ್ಗೆ ಬಿಸಿಲಿಗೆ ಹಿಡಿದು ನೋಡಿದೆ. ಗುಳಿಗೆಯ ಎರಡನೇ ಸಲದ ನಂತರ ಮೂರು ವಾರ ಒಂದೂ ಸಿಗಲಿಲ್ಲ. ಆಮೇಲೆ ನೋಡುವುದನ್ನು ವಾರಕ್ಕೊಮ್ಮೆ ಮಾಡಿದೆ. ಇವತ್ತಿನವರೆಗೂ ಸಿಕ್ಕಿಲ್ಲ.

ಹಾಸಿಗೆ ಬಟ್ಟೆಗೆ ಜಾಸ್ತಿ ಒದ್ದಾಡಬೇಕಾಗಿಲ್ಲ. ಹಿಂದಿನ ಎರಡು ದಿನ ಮೈಮೇಲೆ, ತಲೆಗೆ ಹಾಕಿದ ಬಟ್ಟೆ, ತಲೆದಿಂಬಿನ ಗಲೀಫು, ಆ ಹಸಿರು ಬಟ್ಟೆ ಇವನ್ನು ಕೈ ಇಡಲಾಗದಷ್ಟು ಬಿಸಿ ನೀರಲ್ಲಿ ನೆನೆಸಿ ಒಗೆದೆ. ಕೌದಿಯನ್ನು ಒಗೆಯಲಿಲ್ಲ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ವಾರ ಅಟ್ಟದ ಮೇಲೆ ಇಟ್ಟೆ. ಮನೆಯ ಐದೂ ತಲೆಗಳನ್ನು ಒಂದೇ ದಿನ ನೋಡಿದೆವು. ನನ್ನ ತಲೆಯಲ್ಲೂ ನಾಲ್ಕು ಸಿಕ್ಕವು.

ಈಗ ಜಡೆಯ ಬಗ್ಗೆ ನನ್ನ ಮಾತು. ಜಡೆ ದೇವಿಯಿಂದ ಬರುತ್ತದೆ ಎಂದು ನಾನು ನಂಬುವುದಿಲ್ಲ. ಬಾಚದೆ ಬಿಟ್ಟ ಕೂದಲು ಗಂಟಾಗುತ್ತದೆ. ಅದರಲ್ಲೂ ಹೇನು ಬಿದ್ದ ತಲೆಯಲ್ಲಿ ಕೆರೆದು ಕೆರೆದು ಹುಣ್ಣಾಗಿ, ಒಸರಿದ ನೀರು ಅಂಟಿನ ಹಾಗೆ ಕೂದಲನ್ನು ಹಿಡಿಯುತ್ತದೆ. ಪೋಲೆಂಡ್ ದೇಶದ ಹಳ್ಳಿಗಳಲ್ಲಿಯೂ ಹಿಂದೆ ಇಂಥ ಜಡೆ ಬಹಳ ಇತ್ತಂತೆ. ವೈದ್ಯರು ಅದಕ್ಕೆ ಆ ದೇಶದ ಹೆಸರನ್ನೇ ಇಟ್ಟು ಪ್ಲೈಕಾ ಪೊಲೊನಿಕಾ ಅಂದರು. ಕತ್ತರಿಸಿದರೆ ಕಣ್ಣು ಹೋಗುತ್ತದೆ, ಕಾಯಿಲೆ ಬರುತ್ತದೆ ಎಂದು ಅಲ್ಲಿನವರೂ ಹೆದರುತ್ತಿದ್ದರು. ಡಾಕ್ಟರ್ ಇದನ್ನು ಹೇಳಿದಾಗ ಅತ್ತೆ, 'ಅಲ್ಲೂ ನಮ್ಮಂಥ ಹೆಂಗಸರು ಇದ್ರೇನು?' ಎಂದು ಕೇಳಿದರು. 'ಇದ್ದರು ಆಯಿ' ಅಂದರು ಅವರು.

ನಮ್ಮ ಸೀಮೆಯಲ್ಲಿ ಈ ನಂಬಿಕೆ ಹೆಣ್ಣುಮಕ್ಕಳ ಬಾಳನ್ನೇ ತಿಂದಿದೆ. ಸಣ್ಣ ಹುಡುಗಿಯ ತಲೆಯಲ್ಲಿ ಜಡೆ ಕಂಡರೆ ದೇವಿ ಕರೆದಳು ಎಂದು ಮುತ್ತು ಕಟ್ಟಿಸಿ ದೇವದಾಸಿ ಮಾಡಿದವರಿದ್ದಾರೆ. ಬೆಳಗಾವಿ, ವಿಜಯಪುರ ಸೀಮೆ ಮುಂಬೈ ಪ್ರಾಂತ್ಯದಲ್ಲಿದ್ದಾಗ, 1934ರಲ್ಲೇ, ಅದನ್ನು ತಡೆಯಲು ಕಾಯ್ದೆ ಬಂತು. ಆಮೇಲೆ ನಮ್ಮ ರಾಜ್ಯದ್ದು 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ. ಹುಡುಗಿಯ ತಲೆಯ ಗಂಟು ಹೇನಿನ ಗಂಟು ಎಂದು ಅವ್ವನಿಗೆ ಯಾರಾದರೂ ಆವತ್ತೇ ಹೇಳಿ, ಒಂದು ಬಾಟ್ಲಿ ಲೋಷನ್ ಕೈಗೆ ಕೊಟ್ಟಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದವು ಎಂದು ನನಗೆ ಅನ್ನಿಸುತ್ತದೆ. ಮಕ್ಕಳ ವಿಷಯದಲ್ಲಿ ನನ್ನದು ಒಂದೇ ಮಾತು. ಮಗುವಿನ ಕೂದಲಲ್ಲಿ ಗಂಟು ಕಂಡ ದಿನವೇ ಎಣ್ಣೆ ಹಚ್ಚಿ ಬಿಡಿಸಿ, ಬಿಡದಿದ್ದರೆ ಅಷ್ಟನ್ನು ಕತ್ತರಿಸಿ. ನನ್ನ ಮಗಳಿಗೆ ಹಾಗೇ ಮಾಡುತ್ತೇನೆ. ಅತ್ತೆಯೂ ಇದನ್ನು ಒಪ್ಪುತ್ತಾರೆ. 'ಇದು ನನ್ನ ಕೂಡೇ ಮುಗೀಲಿ' ಅನ್ನುತ್ತಾರೆ.

ಆದರೆ ಅತ್ತೆಯ ಜಡೆ ಅತ್ತೆಯದು. ಅವರು 67 ವರ್ಷದ ಹೆಂಗಸು. ಮಾವ ಹೋದ ದುಃಖವೂ ಅದರಲ್ಲಿದೆ, 21 ಬನದ ಹುಣ್ಣಿಮೆಗಳೂ ಇವೆ. ನಾಳೆ ಅವರೇ 'ಕತ್ತರಿಸು' ಅಂದರೆ ಕತ್ತರಿ ನನ್ನ ಮಷಿನ್ನಿನ ಮೇಲೇ ಇದೆ. ಅಲ್ಲಿಯವರೆಗೆ ನಾನು ಹಚ್ಚುವುದಿಲ್ಲ, ಬೇರೆಯವರಿಗೂ ಬಿಡುವುದಿಲ್ಲ. ನಾದಿನಿಯ ಮಗನ ಡ್ರೆಡ್‌ಲಾಕ್ಸಿಗೂ ಇದೇ ಮಾತು. ಅವನದು ಶೋಕಿ, ಇವರದು ಭಕ್ತಿ ಎಂದು ಹೇನಿಗೇನು ಗೊತ್ತು? ಔಷಧ ಇಬ್ಬರಿಗೂ ಒಂದೇ. ಮರ್ಯಾದೆಯೂ ಒಂದೇ ಇರಬೇಕು.

ನಿಮ್ಮ ಪತ್ರಿಕೆಯ ಮೂಲಕ ನಾನು ಕೇಳುವುದು ಎರಡು. ದವಾಖಾನೆಗಳಲ್ಲಿ ಜಡೆಯ ತಲೆ ಬಂದರೆ 'ಮೊದಲು ಬೋಳಿಸಿ' ಎಂಬ ಷರತ್ತು ಹಾಕಬೇಡಿ. ಹುಣ್ಣು ನೋಡಿ, ಔಷಧ ಕೊಡಿ. ಜಡೆಯ ಮಾತನ್ನು ಆಮೇಲೆ, ಬಾಗಿಲು ಹಾಕಿ, ಒಬ್ಬರೇ ಇದ್ದಾಗ ಆಡಿ. ಕತ್ತರಿಸಿಕೊಳ್ಳಬೇಕು ಎಂದು ಮನಸ್ಸಿದ್ದೂ ಊರವರಿಗೆ ಹೆದರಿ ಸುಮ್ಮನಿರುವ ಹೆಂಗಸರೂ ಇದ್ದಾರೆ, ಅವರಿಗೂ ಆಗ ಧೈರ್ಯ ಬರುತ್ತದೆ. ಇನ್ನೊಂದು, ಹೊಸ್ತಿಲ ಹುಣ್ಣಿಮೆಯಿಂದ ಭಾರತ ಹುಣ್ಣಿಮೆಯವರೆಗೆ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಚಕ್ಕಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ಬಯಲಲ್ಲಿ ಒಬ್ಬರ ಮಗ್ಗುಲಲ್ಲಿ ಒಬ್ಬರು ಮಲಗುತ್ತಾರೆ. ಆ ದಿನಗಳಲ್ಲಿ ಜೋಗುಳಬಾವಿಯ ಹತ್ತಿರ ಪರದೆ ಕಟ್ಟಿದ ಒಂದು ಜಾಗ, ಇಬ್ಬರು ಹೆಣ್ಣುಮಕ್ಕಳು, ಲೋಷನ್ ಮತ್ತು ಸೀರಣಿಗೆ ಇಡಲಿ. ಅಲ್ಲಿ ಕತ್ತರಿ ಇಡಬೇಡಿ. ಕತ್ತರಿ ಕಾಣದಿದ್ದರೆ ಜನ ಬರುತ್ತಾರೆ. ಕರೆದರೆ ನಾನೂ ನನ್ನ ಮೂತಿ ಬಾಟ್ಲಿ ತೆಗೆದುಕೊಂಡು ಎರಡು ದಿನ ಬಂದು ಕೂರುತ್ತೇನೆ.

ಈ ಪತ್ರವನ್ನು ರಾತ್ರಿ ಅತ್ತೆಗೆ ಓದಿ ಹೇಳಿದೆ. ಅವರ ಒಪ್ಪಿಗೆ ಇಲ್ಲದೆ ಕಳಿಸುವುದು ಸರಿಯಲ್ಲ. ಎಲ್ಲ ಕೇಳಿ ಒಂದು ಮಾತು ಬಿಟ್ಟಿದ್ದೀ ಅಂದರು. 'ಔಷಧಾ ಹಾಕೂವಾಗ ಹಣಿಮ್ಯಾಲ ಅರಿವಿ ಕಟ್ಟಿದ್ಯಲ್ಲ, ಕಣ್ಣಿಗೆ ಇಳೀಬಾರದಂತ, ಅದನ್ನ ಬರಿ.' ಬರೆದಿದ್ದೇನೆ. ಮಡಚಿದ ಒಣ ಟವೆಲ್ಲು, ಹುಬ್ಬಿನ ಮೇಲೆ, ಬಿಗಿಯಾಗಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು,
ಬೈಲಹೊಂಗಲ, ಬೆಳಗಾವಿ ಜಿಲ್ಲೆ